ಕಡೆತದ ಮರವನ್ನು ಹದಗೊಳಿಸುವ ಕ್ರಮ

ಚಡಚಣ, ಇಂಡಿ, ಸಿಂದಗಿಗಳ ಎರೆಯ ಸೀಮೆಯಲ್ಲಿ ಬಡಿಗನ ಕೈಗೆ ಸುಲಭವಾಗಿ ದೊರೆಯತಕ್ಕವು ಜಾಲಿ, ಬೇವುಗಳೇ. ಜಾಲಿಯ ಕೆಂಗಂದು ಚೇಗು ಬಲವಾದುದು; ಬಂಡಿಯ ಗಾಲಿಗೂ ನೇಗಿಲಿಗೂ ತಕ್ಕುದು. ಹೊರಗಿನ ಬಿಳಿಯ ಮರವಾದರೋ ಹುಳುವಿಗೆ ಆಹಾರ. ಅದನ್ನು ಕೆತ್ತಿ ತೆಗೆಯಬೇಕು.

ಆದರೆ ಮರವು ಕೆಡುವುದು ಹೆಚ್ಚಾಗಿ ಒಣಗಿಸುವವರ ಅವಸರದಿಂದ. ಒಣಗುವ ಮರವು ಉದ್ದಕ್ಕೆ ಬಹುಮಟ್ಟಿಗೆ ಕುಗ್ಗದು. ಬೆಳವಣಿಗೆಯ ಬಳೆಗಳ ಗುಂಟ ಅದು ಕುಗ್ಗುವ ಪ್ರಮಾಣವು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು 2 ಪಟ್ಟು. ಇಡಿಯ ದಿಮ್ಮಿಯು ತಿರುಳಿನವರೆಗೆ ಬಿರಿಯುವುದು ಈ ಅಸಮತೆಯಿಂದಲೇ. ಆದುದರಿಂದ ಹಸಿಯಿರುವಾಗಲೇ ತಿರುಳಿನ ಮೂಲಕ ಅದನ್ನು ಇಬ್ಭಾಗವಾಗಿ ಸೀಳಿ, ಬೇಗನೆ ತೇವ ಬಿಡುವ ತುದಿಗಳಿಗೆ ಮೇಣ ಬಳಿದು, ನಡುನಡುವೆ ರಿಪ್ಪುಗಳನ್ನಿಟ್ಟು ನೆರಳಿನಲ್ಲಿ ಒಟ್ಟತಕ್ಕದ್ದು. ಬಿಸಿಲನ್ನೇ ದೂರುವವರುಂಟು; ಈ ಸೀಮೆಯ ಬೇಸಗೆಯ ಒಣಗಾಳಿಯು ನೆರಳಿನಲ್ಲಿಯೂ ಮರವನ್ನು ಬಿರಿಯಿಸಬಲ್ಲುದು. ತುಂಡೊಂದನ್ನು ವಾರಕ್ಕೊಮ್ಮೆ ತೂಗಿ, ತೂಕವಿಳಿಯುವುದು ನಿಂತ ಬಳಿಕವೇ ಕಡೆಯಲು ತೊಡಗುವುದು ಲೇಸು.

ಗಟ್ಟಿಯಾದ ಜಾಲಿಯು ಆಟಿಕೆಗಳಿಗೆ ಒಗ್ಗದು. ಅದಕ್ಕಾಗಿ ಚನ್ನಪಟ್ಟಣದ ಕುಶಲಿಗಳು ನಯವಾದ ಬಿಳಿಯ ಹಾಲೆಮರವನ್ನು ಬಳಸುವರು. ಕಡೆದ ವಸ್ತುವು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಲು, ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುವುದು. ಬಳಿಕ ಗರಿಯನ್ನೊತ್ತಿ ಒಪ್ಪವಿಡುವರು. ತೇವವುಳಿದ ಮರದ ಮೇಲೆ ಈ ಒಪ್ಪವು ನಿಲ್ಲದು. ಒಳಗಿನ ಮರವು ಕುಗ್ಗಿದಂತೆ ಅರಗು ಬಿರಿದು ಏಳುವುದು.