ಐದು ಕೆಜಿ ಇಳಿಸಿದರೆ ಆರ್‌ಎಕ್ಸ್ ಎಷ್ಟು ಓಡೀತು?

ಬೆಂಗಳೂರು ಪಕ್ಕದ ಜಿಗಣಿಯಲ್ಲಿ ಲೋಹ ಕೊರೆಯುವುದು ನಿತ್ಯದ ಕಸುಬು. ಬೊಮ್ಮಸಂದ್ರದ ಕಡೆಯಿಂದ ಬರುವ ಲಿಂಕ್ ರೋಡಿನ ಆಚೀಚೆ ಲೇತ್, ಸಿಎನ್‌ಸಿ, ಶೀಟ್ ಮೆಟಲ್, ಪೌಡರ್ ಕೋಟಿಂಗ್ ಶೆಡ್ಡುಗಳು. ನಡುನಡುವೆ ಗ್ರಾನೈಟ್ ಸೀಳುವ ಕಾರ್ಖಾನೆಗಳು. ಹಗಲೆಲ್ಲ ಡ್ರಾಯಿಂಗ್ ನೋಡಿ ಬಿಡಿಭಾಗಗಳ ಮೈ ಸವರುವ ಹುಡುಗರಿಗೆ ಶಿಫ್ಟ್ ಬಿಟ್ಟ ಮೇಲೂ ಕೈ ಸುಮ್ಮನಿರುವುದಿಲ್ಲ. ಅಪ್ಪನದ್ದೋ ಮಾವನದ್ದೋ ಹಳೇ ಯಮಹಾ ಆರ್‌ಎಕ್ಸ್ 100 ಮನೆಯಲ್ಲಿದ್ದರೆ ಮುಗಿಯಿತು. ‘ಮಗಾ, ಇದನ್ನ ಹಗುರ ಮಾಡಿದ್ರೆ ಪಿಕಪ್ ಹೆಂಗಿರುತ್ತೆ ಗೊತ್ತಾ?’ ಅಲ್ಲಿಂದ ಶುರು. ಮೊದಲು ಮಡ್‌ಗಾರ್ಡ್ ಹೋಗುತ್ತದೆ, ಆಮೇಲೆ ಸಾರಿ ಗಾರ್ಡ್, ಚೈನ್ ಕವರ್, ಕನ್ನಡಿ. ಕಡೆಗೆ ಸೈಲೆನ್ಸರಿನ ಬಾಲವನ್ನೂ ಕತ್ತರಿಸಿ, ಟ್ರಾಫಿಕ್ ಪೊಲೀಸರು ದೂರದಿಂದಲೇ ಕೈ ಅಡ್ಡ ಹಾಕುವಂಥ ಗಾಡಿಯೊಂದು ತಯಾರಾಗುತ್ತದೆ.

ಓಟ ಹೆಚ್ಚಾಯಿತೇ? ಬಹಳಷ್ಟು ಸಲ ಇಲ್ಲ. ಸದ್ದು ಹೆಚ್ಚಾಗಿರುತ್ತದೆ ಅಷ್ಟೆ. ಹಾಗೆಂದು ತೂಕ ಇಳಿಸಿದರೆ ಗಾಡಿ ಚುರುಕಾಗುತ್ತದೆ ಎಂಬ ಮಾತೇನೂ ಸುಳ್ಳಲ್ಲ. ಹುಡುಗರು ಎಡವುವುದು ಎಲ್ಲಿಂದ ಇಳಿಸಬೇಕು ಎಂಬಲ್ಲಿ.

ಆರ್‌ಎಕ್ಸ್ 100 ಹೆಸರು ಮಾಡಿದ್ದೇ ಹಗುರ ಮೈಯಿಂದ. 1980ರ ದಶಕದ ಮಧ್ಯದವರೆಗೆ ನಮ್ಮಲ್ಲಿ ಮೋಟಾರ್‌ಸೈಕಲ್ ಅಂದರೆ ಬುಲೆಟ್, ರಾಜದೂತ್, ಇಲ್ಲವೇ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿದ್ದ ಯೆಜ್ಡಿ. ಎಲ್ಲವೂ ದಪ್ಪ ಕಬ್ಬಿಣದ ಗಾಡಿಗಳು. ಬುಲೆಟ್ಟನ್ನು ಎತ್ತಿ ಸೆಂಟರ್ ಸ್ಟ್ಯಾಂಡ್ ಹಾಕುವುದಕ್ಕೇ ಒಂದು ಪಟ್ಟು ಗೊತ್ತಿರಬೇಕಿತ್ತು. 1984ರಿಂದ ಎರಡು ಮೂರು ವರ್ಷಗಳಲ್ಲಿ ಜಪಾನಿನ ನೂರು ಸಿಸಿ ಗಾಡಿಗಳು ಸಾಲಾಗಿ ಬಂದವು. ಆನೇಕಲ್ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಹೊಸೂರಿನಿಂದ ಟಿವಿಎಸ್‌ನವರ ಇಂಡ್-ಸುಜುಕಿ, ಆಮೇಲೆ ಹೀರೊ ಹೊಂಡಾ ಸಿಡಿ 100, ಕವಾಸಕಿ ಬಜಾಜ್ ಕೆಬಿ 100. 1985ರ ಕೊನೆಗೆ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಆರ್‌ಎಕ್ಸ್ 100 ಬಿಟ್ಟಿತು. 1996ರಲ್ಲಿ ಅದರ ತಯಾರಿಕೆ ನಿಂತಿತು. ಮೈಸೂರಿನ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ.

ಲೆಕ್ಕ ನೋಡೋಣ. ಆರ್‌ಎಕ್ಸ್ 98 ಸಿಸಿಯ ಟೂ-ಸ್ಟ್ರೋಕ್, 11 ಎಚ್‌ಪಿ, ತೂಕ ಸುಮಾರು 103 ಕೆಜಿ. ಆ ಕಾಲದ ಬುಲೆಟ್ 346 ಸಿಸಿ, 18 ಎಚ್‌ಪಿ, ತೂಕ 165 ಕೆಜಿಯ ಆಸುಪಾಸು. ಒಂದೊಂದು ಎಚ್‌ಪಿ ಎಷ್ಟು ಕೆಜಿ ಎಳೆಯಬೇಕು ಎಂದು ಭಾಗಿಸಿದರೆ ಆರ್‌ಎಕ್ಸ್‌ನಲ್ಲಿ 9.4, ಬುಲೆಟ್‌ನಲ್ಲಿ 9.2. ಮೂರೂವರೆ ಪಟ್ಟು ದೊಡ್ಡ ಇಂಜಿನ್ನಿಗೆ ಈ ಚಿಕ್ಕದು ಸರಿಸಮ ನಿಂತದ್ದು ತೂಕದ ದೆಸೆಯಿಂದಲೇ. ಆದರೆ ಗಾಡಿ ಒಂಟಿಯಾಗಿ ಓಡುವುದಿಲ್ಲವಲ್ಲ. 70 ಕೆಜಿಯ ಸವಾರ ಹತ್ತಿ ಕೂತರೆ ಆರ್‌ಎಕ್ಸ್‌ನ ಪಾಲು 15.7ಕ್ಕೆ ಏರುತ್ತದೆ, ಬುಲೆಟ್‌ನದ್ದು 13ರಲ್ಲೇ ನಿಲ್ಲುತ್ತದೆ. ಹಿಂದೆ 60 ಕೆಜಿಯ ಇನ್ನೊಬ್ಬರು ಕೂತರೆ 21ಕ್ಕೂ 16ಕ್ಕೂ ಹೋಗುತ್ತದೆ. ಹಗುರ ಗಾಡಿಗೆ ಪ್ರತಿ ಕೆಜಿಯೂ ತಾಗುತ್ತದೆ. ಒಬ್ಬರೇ ಹೋಗುವಾಗ ಚಿಗರೆಯಂತೆ ಹಾರುವ ಆರ್‌ಎಕ್ಸ್, ಡಬಲ್ಸ್‌ನಲ್ಲಿ ಬನ್ನೇರುಘಟ್ಟದ ಕಡೆಯ ಏರು ಸಿಕ್ಕರೆ ಗೇರ್ ಇಳಿಸು ಎನ್ನುವುದು ಇದಕ್ಕೇ.

ಈಗ ಐದು ಕೆಜಿ ಕಮ್ಮಿ ಮಾಡಿದೆವು ಎಂದುಕೊಳ್ಳಿ. ಸವಾರನ ಸಮೇತ 173 ಇದ್ದದ್ದು 168 ಆಯಿತು. ಶೇ 3ರಷ್ಟು ಲಾಭ. ಇಂಜಿನ್ ಬಲಕ್ಕೆ ಹೋಲಿಸಿದರೆ ಮೂರನೇ ಒಂದು ಎಚ್‌ಪಿ ಹೆಚ್ಚಿಸಿಕೊಂಡಂತೆ. ಗಮನಿಸಿದರೆ ಗೊತ್ತಾಗುವಷ್ಟಿದೆ, ಜಂಬ ಕೊಚ್ಚುವಷ್ಟಿಲ್ಲ. ಅದೇ ಐದು ಕೆಜಿಯನ್ನು ಸವಾರ ತನ್ನ ಹೊಟ್ಟೆಯಿಂದ ಕರಗಿಸಿದರೂ ಪಿಕಪ್ ಲೆಕ್ಕ ಒಂದೇ ಬರುತ್ತದೆ. ಆಕ್ಸೆಸರೀಸ್ ಅಂಗಡಿಯವರು ಮಾತ್ರ ಇದನ್ನು ಹೇಳುವುದಿಲ್ಲ.

ಹಾಗಾದರೆ ಎಲ್ಲಿಂದ ತೆಗೆಯುವುದು? ಮೊದಲು ಕಂಪನಿ ಕೊಟ್ಟ ಗಾಡಿ ಯಾವುದು, ನಾವು ಹೇರಿದ್ದು ಯಾವುದು ಎಂದು ಬೇರೆ ಮಾಡಬೇಕು. ನಲವತ್ತು ವರ್ಷದ ಹಿಂದೆ ಷೋರೂಮಿನಿಂದ ಹೊರಬಂದ ಮರುದಿನವೇ ನಮ್ಮವರು ಗಾಡಿಗೆ ಒಡವೆ ಹಾಕಿಸುತ್ತಿದ್ದರು. ಮುಂದೆ ದಪ್ಪ ಪೈಪಿನ ಲೆಗ್ ಗಾರ್ಡ್, ಹಿಂದೆ ಕ್ಯಾರಿಯರ್, ಪಕ್ಕದಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ, ಹೆಂಗಸರು ಕಾಲಿಡಲೆಂದು ಅಗಲದ ಫುಟ್‌ರೆಸ್ಟ್, ಮೇಲೆ ಎರಡಿಂಚು ಹೆಚ್ಚು ಫೋಮ್ ತುಂಬಿಸಿದ ಸೀಟು. ಪೆಟ್ಟಿಗೆಯೊಳಗೆ ಯಾವ ಕಾಲದ್ದೋ ಸ್ಪ್ಯಾನರುಗಳು, ತುಕ್ಕು ಹಿಡಿದ ಹಳೇ ಚೈನು. ಇದನ್ನೆಲ್ಲ ಬಿಚ್ಚಿ ಗೋಣಿಚೀಲಕ್ಕೆ ಹಾಕಿ ಗುಜರಿ ಅಂಗಡಿಯ ತಕ್ಕಡಿಯ ಮೇಲಿಟ್ಟು ನೋಡಿ, ನಮ್ಮ ಐದು ಕೆಜಿ ಅಲ್ಲೇ ಸಿಕ್ಕರೆ ಆಶ್ಚರ್ಯವಿಲ್ಲ. ಒಂದು ಪೈಸೆ ಖರ್ಚಿಲ್ಲ, ಗಾಡಿಗೆ ಗಾಯವಿಲ್ಲ, ಕಾನೂನಿನ ತಕರಾರೂ ಇಲ್ಲ. ಲೆಗ್ ಗಾರ್ಡ್ ಒಂದರ ವಿಷಯದಲ್ಲಿ ಯೋಚಿಸಿ: ಗಾಡಿ ಬಿದ್ದಾಗ ಮೊಣಕಾಲನ್ನೂ ಟ್ಯಾಂಕನ್ನೂ ಉಳಿಸುವುದು ಅದೇ. ಜಲ್ಲಿ, ಕಲ್ಲುಪುಡಿ ಚೆಲ್ಲಿದ ರಸ್ತೆಯಲ್ಲಿ ದಿನಾ ಓಡಾಡುವವರು ಅದನ್ನು ಇಟ್ಟುಕೊಳ್ಳುವುದೇ ಜಾಣತನ.

ಎರಡನೆಯದು ಕಣ್ಣಿಗೆ ಬೀಳದ ತೂಕ, ಮಸಿ. ಟೂ-ಸ್ಟ್ರೋಕ್ ಇಂಜಿನ್ ಪೆಟ್ರೋಲ್ ಜೊತೆ ಆಯಿಲ್ ಸುಡುತ್ತದೆ. ಸುಟ್ಟೂ ಸುಡದ ಆಯಿಲ್ ಸೈಲೆನ್ಸರಿನೊಳಗೆ ಪದರಪದರವಾಗಿ ಕೂರುತ್ತದೆ. ಸೈಲೆನ್ಸರಿನ ಹಿಂಬದಿಯ ಒಂದು ಬೋಲ್ಟ್ ಬಿಚ್ಚಿ, ಪ್ಲೈಯರಿನಲ್ಲಿ ಹಿಡಿದು ತಿರುಚುತ್ತಾ ಎಳೆದರೆ ಬ್ಯಾಫಲ್ ಹೊರಬರುತ್ತದೆ. ವರ್ಷಗಟ್ಟಲೆ ಕೈ ಹಾಕದ ಗಾಡಿಯಾದರೆ ಅದು ಅಲುಗುವುದೇ ಇಲ್ಲ, ಮರದ ಸುತ್ತಿಗೆಯಲ್ಲಿ ಸುತ್ತ ತಟ್ಟಬೇಕು. ಹೊರಬಂದ ಕೊಳವೆಯ ಮೈತುಂಬ ಟಾರಿನಂಥ ಕಪ್ಪು ಅಂಟು. ತೂತುಗಳು ಎಲ್ಲಿದ್ದವು ಎಂದು ಬೆರಳಾಡಿಸಿ ಹುಡುಕಬೇಕು. ಹಳೇ ಮೆಕ್ಯಾನಿಕ್‌ಗಳು ಇದನ್ನು ಬೆಂಕಿಯಲ್ಲಿಟ್ಟು ಸುಡುತ್ತಾರೆ, ಆರಿದ ಮೇಲೆ ತಟ್ಟಿದರೆ ಹೊಪ್ಪಳಿಕೆಯಾಗಿ ಉದುರುತ್ತದೆ. ಸೈಲೆನ್ಸರಿನ ಒಂದು ಬಾಯಿ ಮುಚ್ಚಿ ಕಾಸ್ಟಿಕ್ ಸೋಡಾ ನೀರು ತುಂಬಿಸಿ ನೆನೆಹಾಕುವುದು ಇನ್ನೊಂದು ವಿಧಾನ. ಕೈಗವಸು, ಕನ್ನಡಕ ಇಲ್ಲದೆ ಇದಕ್ಕೆ ಇಳಿಯಬಾರದು. ಉಳಿದ ಸೋಡಾ ನೀರಿಗೆ ಸಿಲಿಂಡರ್ ಹೆಡ್ಡನ್ನೋ ಪಿಸ್ಟನ್ನನ್ನೋ ಅದ್ದಲೇಬಾರದು. ಅವು ಅಲ್ಯೂಮಿನಿಯಂ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಅವುಗಳ ಮಸಿಯನ್ನು ಮೆತ್ತನೆಯ ವಸ್ತುವಿನಲ್ಲಿ ಕೆರೆದೇ ತೆಗೆಯಬೇಕು.

ಇಳಿಯುವ ಗ್ರಾಂಗಳು ಎಷ್ಟಾದರೂ ಇರಲಿ, ನಿಜವಾದ ಲಾಭ ಬೇರೆಯೇ. ಉಸಿರುಗಟ್ಟಿದ್ದ ಇಂಜಿನ್ ಬಿಡುಗಡೆಯಾಗುತ್ತದೆ. ಮಸಿ ಕಟ್ಟಿದ ಪೋರ್ಟ್, ಸವೆದ ರಿಂಗ್, ಜಾರುವ ಕ್ಲಚ್ ಪ್ಲೇಟ್, ಕಚ್ಚಿ ಹಿಡಿದ ಡ್ರಮ್ ಬ್ರೇಕ್, ಗಾಳಿ ಕಮ್ಮಿಯಾದ ಟೈರು. ಇವೆಲ್ಲ ಸೇರಿ ಹನ್ನೊಂದು ಎಚ್‌ಪಿಯಲ್ಲಿ ಒಂದನ್ನು ನುಂಗುವುದು ದೊಡ್ಡ ಮಾತಲ್ಲ. ಆ ಒಂದು ಎಚ್‌ಪಿಯನ್ನು ತೂಕ ಇಳಿಸಿ ಗಳಿಸಬೇಕಾದರೆ ಸುಮಾರು ಹದಿನೈದು ಕೆಜಿ ಕಳಚಬೇಕು. ನೂರಾ ಮೂರು ಕೆಜಿಯ ಗಾಡಿಯಲ್ಲಿ ಅಷ್ಟು ಕೆಜಿ ಎಲ್ಲಿಂದ ತರುತ್ತೀರಿ?

ಸೈಲೆನ್ಸರ್ ಕತ್ತರಿಸುವವರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫೋರ್-ಸ್ಟ್ರೋಕ್ ಗಾಡಿಯಂತೆ ಟೂ-ಸ್ಟ್ರೋಕ್‌ನಲ್ಲಿ ಹೊಗೆ ಹೊರಹೋಗಲು ತೆರೆದು ಮುಚ್ಚುವ ವಾಲ್ವ್ ಇಲ್ಲ. ಹೊಗೆಯ ಜೊತೆ ಹೊಸ ಪೆಟ್ರೋಲ್ ಮಿಶ್ರಣವೂ ಹೊರಗೆ ಜಾರುತ್ತದೆ. ಸೈಲೆನ್ಸರಿನ ಕೊಳವೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುವ ಆಕಾರದಲ್ಲಿ ಇರುವುದು ಒತ್ತಡದ ಅಲೆಯನ್ನು ತಿರುಗಿಸಿ, ಜಾರಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳಲಿ ಎಂದು. ಅಂದರೆ ಅದು ಇಂಜಿನ್ನಿನದೇ ಒಂದು ಅಂಗ. ಅದನ್ನು ಮೋಟು ಮಾಡಿದವನು ಒಂದೆರಡು ಕೆಜಿ ಉಳಿಸಿ, ನಡುವಿನ ವೇಗದ ಎಳೆತವನ್ನೇ ಕಳೆದುಕೊಳ್ಳುತ್ತಾನೆ. ಜಿಗಣಿಯ ಎಪಿಸಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬೇಕಾಗಿರುವುದು ಆ ನಡುವಿನ ಎಳೆತವೇ.

ತೂಕ ಇಳಿಸಲು ಕಾಸು ಖರ್ಚು ಮಾಡಲೇಬೇಕು ಎಂದಿದ್ದರೆ ಚಕ್ರಕ್ಕೆ ಮಾಡಿ. ಗಾಡಿ ಮುಂದೆ ಹೋಗುವಾಗ ಚಕ್ರ ಮುಂದೆ ಹೋಗುವುದಲ್ಲದೆ ಸುತ್ತಲೂ ಬೇಕು. ಎರಡಕ್ಕೂ ಶಕ್ತಿ ಬೇಕು. ಚಕ್ರದ ಅಂಚಿನಲ್ಲಿ ಒಂದು ಕೆಜಿ ಇಳಿಸಿದರೆ ಪಿಕಪ್ ವಿಷಯದಲ್ಲಿ ಅದು ಫ್ರೇಮಿನಿಂದ ಸುಮಾರು ಎರಡು ಕೆಜಿ ಇಳಿಸಿದ್ದಕ್ಕೆ ಸಮ. ಸ್ಪ್ರಿಂಗಿನ ಕೆಳಗಿನ ಭಾರ ಕಮ್ಮಿಯಾಗುವುದರಿಂದ ಹಂಪ್, ಗುಂಡಿಗಳ ಮೇಲೂ ಚಕ್ರ ನೆಲ ಬಿಡದೆ ಓಡುತ್ತದೆ. ಆದರೆ ನಮ್ಮ ಹುಡುಗರು ಮಾಡುವುದು ಇದರ ತದ್ವಿರುದ್ಧ. ಮಡ್‌ಗಾರ್ಡ್ ಕಿತ್ತು ಒಂದು ಕೆಜಿ ಉಳಿಸಿ, ನೋಡಲು ಚೆಂದವೆಂದು ಹಿಂದಕ್ಕೆ ದಪ್ಪ ಟೈರು ಹಾಕಿಸುತ್ತಾರೆ. ಹೆಚ್ಚಿದ ತೂಕವೆಲ್ಲ ಸರಿಯಾಗಿ ಅಂಚಿಗೇ ಹೋಗಿ ಕೂರುತ್ತದೆ. ಅಲಾಯ್ ವೀಲ್ ಅಂದರೆ ಹಗುರ ಎಂಬ ನಂಬಿಕೆಯೂ ಹಾಗೆಯೇ. ಎರಕ ಹೊಯ್ದ ಅಗ್ಗದ ಅಲಾಯ್ ಚಕ್ರ ಹಳೇ ಕಡ್ಡಿ ಚಕ್ರಕ್ಕಿಂತ ಭಾರವಿರುವುದೇ ಹೆಚ್ಚು. ಸ್ಟೀಲ್ ರಿಮ್ಮಿನ ಬದಲು ಒಳ್ಳೆಯ ಅಲ್ಯೂಮಿನಿಯಂ ರಿಮ್ಮಿಗೆ ಕಡ್ಡಿ ಕಟ್ಟಿಸಿ, ಕಂಪನಿ ಹೇಳಿದ ಅಳತೆಯ ಟೈರನ್ನೇ ಹಾಕುವುದು ಸರಿಯಾದ ದಾರಿ.

ಜಿಗಣಿಯಂಥ ಊರಿನ ದೊಡ್ಡ ಆಮಿಷವೆಂದರೆ ಮಷಿನ್ನು ಕೈಗೆಟಕುವಲ್ಲೇ ಇರುವುದು. ಅಲ್ಯೂಮಿನಿಯಂ ಸ್ಟೀಲಿನ ಮೂರನೇ ಒಂದರಷ್ಟು ಮಾತ್ರ ತೂಗುತ್ತದೆ; ಉಳಿದ ತುಂಡಿನಲ್ಲಿ ಬ್ರಾಕೆಟ್ಟೋ ಫುಟ್‌ಪೆಗ್ಗೋ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ನಂಬರ್ ಪ್ಲೇಟಿನ ಬ್ರಾಕೆಟ್ಟಾದರೆ ಮಾಡಿ. ಆ್ಯಕ್ಸಲ್, ಬ್ರೇಕಿನ ಟಾರ್ಕ್ ರಾಡ್, ಅದರ ಬೋಲ್ಟು, ಹ್ಯಾಂಡಲ್ ಕ್ಲ್ಯಾಂಪ್, ಇವುಗಳ ಹತ್ತಿರ ಹೋಗಬೇಡಿ. ಸ್ಟೀಲಿಗೆ ಒಂದು ಮಿತಿಯೊಳಗಿನ ಅಲುಗಾಟ ಎಷ್ಟು ಲಕ್ಷ ಸಲ ಆದರೂ ತಡೆಯುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಚಿಕ್ಕ ಅಲುಗಾಟವೂ ಖಾತೆಗೆ ಜಮೆಯಾಗುತ್ತಲೇ ಹೋಗಿ ಒಂದು ದಿನ ಸೂಚನೆಯಿಲ್ಲದೆ ಮುರಿಯುತ್ತದೆ. ರೇಸ್ ಗಾಡಿಗಳಲ್ಲಿ ಕಾಣುವ ತೂತುಗಳನ್ನು ನೋಡಿ ಬ್ರೇಕ್ ಪ್ಲೇಟಿಗೆ ಡ್ರಿಲ್ ಹಾಕುವವರಿಗೂ ಇದೇ ಮಾತು. ರೇಸಿನವರು ಪ್ರತಿ ಓಟದ ನಂತರ ಬಿಚ್ಚಿ ಬಿರುಕು ಹುಡುಕುತ್ತಾರೆ. ನಾವು ಮಳೆಗಾಲದ ನೀರನ್ನು ಡ್ರಮ್ಮಿನೊಳಗೆ ಬಿಟ್ಟುಕೊಳ್ಳುತ್ತೇವೆ.

ಬ್ಯಾಟರಿಯಲ್ಲೂ ಒಂದು ಕೊಕ್ಕೆಯಿದೆ. ಲಿಥಿಯಂ ಬ್ಯಾಟರಿ ಲೆಡ್ ಬ್ಯಾಟರಿಗಿಂತ ಬಹಳ ಹಗುರ, ನಿಜ. ಆದರೆ ಹಳೇ ಗಾಡಿಯ ಚಾರ್ಜಿಂಗ್ ವೋಲ್ಟೇಜ್ ಎಕ್ಸಿಲರೇಟರ್ ಕೊಟ್ಟಂತೆ ಏರಿಳಿಯುತ್ತದೆ. ಲಿಥಿಯಂ ಅದನ್ನು ಸಹಿಸುವುದಿಲ್ಲ. ಒಳ್ಳೆಯ ರೆಗ್ಯುಲೇಟರ್ ಹಾಕದೆ ಅದಕ್ಕೆ ಕೈಹಾಕುವುದು ದುಡ್ಡು ಸುಟ್ಟಂತೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಖಾಲಿ ಗಾಡಿಯ ತೂಕವೂ ಆರ್‌ಸಿಯಲ್ಲಿ ನಮೂದಾಗುವ ವಿವರವೇ ಎಂಬುದನ್ನು ತೂಕ ಇಳಿಸುವವರು ನೆನಪಿಡಬೇಕು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಹುಡುಗರು ಕಿತ್ತೆಸೆಯುವ ಸಾರಿ ಗಾರ್ಡ್ ಕೂಡ ಅಲಂಕಾರಕ್ಕಿರುವುದಲ್ಲ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಮ್ಮ ರಸ್ತೆಗಳಲ್ಲಿ ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಆದ ಅನಾಹುತಗಳನ್ನು ಕಂಡವರಿಗೆ ಈ ನಿಯಮದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅರ್ಧ ಕೆಜಿಗಾಗಿ ಅದನ್ನು ಕಳಚುವುದು ಶುದ್ಧ ಮೂರ್ಖತನ.

ನಿಜಕ್ಕೂ ಬೋಳಿಸಿದ ಗಾಡಿ ಓಡಿಸುವ ಆಸೆಯಿದ್ದರೆ ಅದಕ್ಕೆ ಜಾಗ ಟ್ರ್ಯಾಕ್. ಬೆಂಗಳೂರಿಗೆ ತನ್ನದೇ ಆದ ಪೂರ್ಣ ಪ್ರಮಾಣದ ಮೋಟಾರ್‌ಸೈಕಲ್ ರೇಸ್ ಟ್ರ್ಯಾಕ್ ಇಲ್ಲ. ಇಷ್ಟು ಗಾಡಿ ಹುಚ್ಚಿನ ಊರಿಗೆ ಇದು ನಾಚಿಕೆಗೇಡು. ಕೊಯಮತ್ತೂರಿಗೋ, ಚೆನ್ನೈ ಹಾದಿಯಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈಗೋ ಹೋಗಬೇಕು. ಹಾಗಂತ ಲಿಂಕ್ ರೋಡಿನಲ್ಲಿ ರಾತ್ರಿ ಹತ್ತರ ಮೇಲೆ ಗ್ರಾನೈಟ್ ಲಾರಿಗಳ ನಡುವೆ ನುಗ್ಗಿಸುವುದು ಅದಕ್ಕೆ ಉತ್ತರವಲ್ಲ.

ಕಡೆಯದಾಗಿ, ಬಿಚ್ಚಿದ ಸಾಮಾನನ್ನು ಗುಜರಿಗೆ ಹಾಕಬೇಡಿ. ನೋಂದಣಿಯ ಹದಿನೈದು ವರ್ಷ ಮುಗಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಲೇಬೇಕು. ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿದಾಗ ಇನ್‌ಸ್ಪೆಕ್ಟರ್ ಕೇಳುವುದು ಕನ್ನಡಿ, ಇಂಡಿಕೇಟರ್, ಸಾರಿ ಗಾರ್ಡ್, ಕಂಪನಿ ಸೈಲೆನ್ಸರ್. ತಯಾರಿಕೆ ನಿಂತು ದಶಕಗಳಾದ ಗಾಡಿಯ ಅಸಲಿ ಭಾಗಗಳಿಗೆ ಈಗ ಬಾಯಿಗೆ ಬಂದ ರೇಟು. ಒಂದೊಂದಕ್ಕೂ ಆಯಿಲ್ ಸವರಿ, ಚೀಲದಲ್ಲಿ ಕಟ್ಟಿ, ಅಟ್ಟದ ಮೇಲಿಡಿ.