ಮಳೆಗಾಲದ ‘ಮಿಸ್ಸಿಂಗ್’: ಬಿಡಿಭಾಗ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ವರ್ತಕರ ಲೆಕ್ಕಪುಸ್ತಕಗಳಲ್ಲಿ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯು ಜೂನ್ ತಿಂಗಳಿನಿಂದ ದಪ್ಪವಾಗತೊಡಗುತ್ತದೆ. ಮೊದಲ ಬಿಲ್ಲು ಸ್ಪಾರ್ಕ್ ಪ್ಲಗ್ಗಿನದು. ಹತ್ತು ದಿನ ಕಳೆದು ಬರುವುದು ಇಗ್ನಿಷನ್ ಕಾಯಿಲಿನದು. ಆಶ್ಲೇಷಾ ಮಳೆಯ ಹೊತ್ತಿಗೆ ಇಂಧನ ಪಂಪಿನದೂ ಬಂದಿರುತ್ತದೆ. ಮೂರು ಬಿಲ್ಲುಗಳ ಹಿಂದೆ ಇರುವ ದೂರು ಮಾತ್ರ ಒಂದೇ: ಮಳೆ ಹಿಡಿದರೆ ಕಾರು ‘ಮಿಸ್ಸಿಂಗ್’ ಹೊಡೆಯುತ್ತದೆ.

ಇದರಲ್ಲಿ ಗ್ಯಾರೇಜಿನವರ ಮೋಸವಿದೆ ಎಂದು ಭಾವಿಸುವುದು ಸುಲಭ; ಹೆಚ್ಚಿನ ಸಂದರ್ಭಗಳಲ್ಲಿ ಅದು ನಿಜವಲ್ಲ. ನಡೆಯುವುದು ಇಷ್ಟೇ. ಮಳೆಯ ದಿನ ತಡವರಿಸಿದ ವಾಹನವು ಗ್ಯಾರೇಜು ತಲುಪಿ, ಮಾಡಿನ ಅಡಿ ನಿಂತು, ಎಂಜಿನ್ನಿನ ಬಿಸಿಗೆ ಒಣಗುತ್ತದೆ. ಒಣಗಿದ ಎಂಜಿನ್ ಹೇಗೂ ಸರಿಯಾಗಿಯೇ ಓಡುತ್ತದೆ. ಅಷ್ಟರಲ್ಲಿ ಬದಲಾಯಿಸಿದ ಭಾಗ ಯಾವುದೋ, ಗುಣವಾದ ಕೀರ್ತಿ ಅದರ ಖಾತೆಗೆ ಜಮೆಯಾಗುತ್ತದೆ. ಮುಂದಿನ ಜಡಿಮಳೆಗೆ ದೋಷ ಮರಳಿ ಬರುತ್ತದೆ. ಆದುದರಿಂದ ಮಳೆಗಾಲದ ದೋಷವನ್ನು ಒಣ ಎಂಜಿನ್ನಿನಲ್ಲಿ ಪರೀಕ್ಷಿಸುವುದು ವ್ಯರ್ಥ. ದೋಷವನ್ನು ಮೊದಲು ಬರಿಸಿ, ಬಳಿಕ ನೋಡಬೇಕು.

ಮಿಸ್‌ಫೈರ್ ಎಂದರೆ ಎಂಜಿನ್ನಿನ ಮೂರು ಅಥವಾ ನಾಲ್ಕು ಸಿಲಿಂಡರುಗಳ ಪೈಕಿ ಯಾವುದೋ ಒಂದರಲ್ಲಿ ಪೆಟ್ರೋಲು–ಗಾಳಿಯ ಮಿಶ್ರಣವು ಸಕಾಲದಲ್ಲಿ ಉರಿಯದೆ ಹೋಗುವುದು. ಆ ಮಿಶ್ರಣಕ್ಕೆ ಬೆಂಕಿ ಮುಟ್ಟಿಸುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಕಾಯಿಲು 20,000 ವೋಲ್ಟಿಗೂ ಮೇಲೇರಿಸಿ ಪ್ಲಗ್ಗಿಗೆ ಕಳುಹಿಸುತ್ತದೆ. ಇಷ್ಟು ಒತ್ತಡದ ವಿದ್ಯುತ್ತು ಎಲ್ಲಿ ಸುಲಭದ ದಾರಿ ಕಂಡರೂ ಅಲ್ಲಿಗೆ ಹಾರುತ್ತದೆ. ತಂತಿಯ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಣಹವೆಯಲ್ಲಿ ಅದು ಮುಚ್ಚಿದ ಬಾಗಿಲು. ಅದರೊಳಗೆ ಕೊಳೆ ಮತ್ತು ತೇವ ಸೇರಿದರೆ ತೆರೆದ ಬಾಗಿಲು. ಕಿಡಿಯು ಸಿಲಿಂಡರಿನೊಳಗೆ ಹಾರುವ ಬದಲು ಹೊರಗಿನಿಂದಲೇ ಎಂಜಿನ್ನಿನ ಲೋಹಕ್ಕೆ ಸೋರಿಹೋಗುತ್ತದೆ. ಹೀಗೆ ಸೋರಿದ ದಾರಿಯಲ್ಲಿ ಕಾಲಕ್ರಮೇಣ ಪೆನ್ಸಿಲ್ ಗೀಟಿನಂಥ ಇಂಗಾಲದ ಗೆರೆ ಮೂಡುತ್ತದೆ. ಗೆರೆ ಬಿದ್ದ ಮೇಲೆ ಒರೆಸಿ ಪ್ರಯೋಜನವಿಲ್ಲ, ಭಾಗವನ್ನು ಬದಲಾಯಿಸಲೇಬೇಕು.

ಮಳೆಯು ದೋಷವನ್ನು ಹುಟ್ಟಿಸುವುದಿಲ್ಲ, ಇರುವ ದೋಷವನ್ನು ತೋರಿಸಿಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಅದು ಬೇಗನೆ ತೋರಿಬರುವುದಕ್ಕೆ ಇನ್ನೊಂದು ಕಾರಣವುಂಟು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಪ್ರದೇಶವಿದು. ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜೊತೆಗೆ ಉಪ್ಪು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ಅಲೆ ಒಡೆದು ಏಳುವ ತುಂತುರು ಗಾಳಿಯೊಡನೆ ಬಾನೆಟ್ಟಿನೊಳಗೂ ಸೇರಿ, ತಂತಿ, ಕಾಯಿಲು, ಸಂಪರ್ಕಗಳ ಮೇಲೆ ತೆಳುವಾದ ಉಪ್ಪಿನ ಪೊರೆಯಾಗಿ ನಿಲ್ಲುತ್ತದೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಮನೆಯ ಉಪ್ಪಿನ ಡಬ್ಬ ನೀರೂಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪುನೀರು ಮಳೆನೀರಿಗಿಂತ ಬಹುಪಾಲು ಉತ್ತಮ ವಿದ್ಯುದ್ವಾಹಕ. ಗಂಗೊಳ್ಳಿ, ಉಪ್ಪುಂದ, ಕೋಡಿ ಮುಂತಾದೆಡೆ ರಾತ್ರಿ ಬಯಲಲ್ಲಿ ನಿಲ್ಲುವ ವಾಹನಗಳು ಮಳೆಯಿಲ್ಲದ ಬೆಳಗ್ಗೆಯೂ ತಡವರಿಸುವುದಕ್ಕೆ ಇದು ಕಾರಣವಾಗಬಲ್ಲದು.

ಹಾಗಾದರೆ ಆರಂಭಿಸುವುದು ಎಲ್ಲಿಂದ? ಸ್ಪ್ಯಾನರಿನಿಂದಲ್ಲ, ಪ್ರಶ್ನೆಯಿಂದ. ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಚಾಲಕನು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಅನೇಕ ವರ್ತಕರ ವಾಹನಗಳನ್ನು ಓಡಿಸುವವರು ಬೇರೆ, ಗ್ಯಾರೇಜಿಗೆ ಫೋನು ಮಾಡುವವರು ಬೇರೆ. ನಡುವೆ ‘ಮಿಸ್ಸಿಂಗ್’ ಎಂಬ ಒಂದೇ ಶಬ್ದ ಉಳಿದು, ಬೇಕಾದ ವಿವರವೆಲ್ಲ ಕಳೆದುಹೋಗುತ್ತದೆ. ವಾಹನದೊಳಗೆ ಒಂದು ಚಿಕ್ಕ ಪುಸ್ತಕವಿರಿಸಿ ದಿನ, ಸ್ಥಳ, ಹವೆ, ವೇಗ, ಪೆಟ್ರೋಲ್ ತುಂಬಿಸಿದ ಬಂಕು ಇವಿಷ್ಟನ್ನು ಬರೆಸುವುದು ಒಳ್ಳೆಯದು.

ಬೆಳಗ್ಗೆ ಮೊದಲ ಐದು ನಿಮಿಷ ತಡವರಿಸಿ, ಬಿಸಿಯಾದೊಡನೆ ಸರಿಹೋದರೆ ಅದು ಮೇಲ್ಮೈಯ ತೇವ. ತಂತಿ, ಮುಚ್ಚಳ, ರಬ್ಬರ್ ಟೋಪಿಗಳನ್ನು ನೋಡಬೇಕು. ನೀರು ನಿಂತ ರಸ್ತೆ ದಾಟಿದ ಮೇಲಷ್ಟೇ ಬಂದರೆ ಕೆಳಗಿನಿಂದ ಎರಚಿದ ನೀರು. ಎಂಜಿನ್ನಿನ ಅಡಿಯ ರಕ್ಷಾಹಾಳೆ ಕಳಚಿದೆಯೇ ಎಂದು ಬಗ್ಗಿ ನೋಡಿದರೆ ತಿಳಿಯುತ್ತದೆ. ಓಮ್ನಿ, ಈಕೋಗಳಂತೆ ಮುಂದಿನ ಸೀಟಿನಡಿ ಎಂಜಿನ್ ಇರುವ ವಾಹನಗಳಲ್ಲಿ ಇದು ವಿಶೇಷವಾಗಿ ಗಮನಾರ್ಹ. ಸಮತಟ್ಟಿನಲ್ಲಿ ಸರಿಯಾಗಿ ಓಡಿ, ಒತ್ತಿನೆಣೆಯ ಏರಿನಲ್ಲಿ ಅಥವಾ ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವಾಗ ಮಾತ್ರ ಜಗ್ಗಿದರೆ ಸವೆದ ಪ್ಲಗ್ ಅಥವಾ ದುರ್ಬಲ ಕಾಯಿಲಿನ ಮೇಲೆ ಸಂಶಯ ಹೆಚ್ಚು. ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟ್ ಬೇಕು. ಆಗ ವಿದ್ಯುತ್ತು ಹೊರಗಿನ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಇನ್ನೊಂದು ಸಂದರ್ಭ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರು, ಬ್ಲೋವರು, ಹಿಂಗಾಜಿನ ಹೀಟರು ಎಲ್ಲವೂ ಒಟ್ಟಿಗೆ ಚಾಲೂ ಇರುತ್ತವೆ. ಆಲ್ಟರ್ನೇಟರ್ ದಣಿದಿದ್ದರೆ ವೋಲ್ಟೇಜು ಕುಸಿದು ಕಿಡಿಯೂ ಸೊರಗುತ್ತದೆ. ಎಲ್ಲವನ್ನೂ ಚಾಲೂ ಇರಿಸಿ ಬ್ಯಾಟರಿಗೆ ಮೀಟರು ಹಿಡಿದರೆ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.5 ವೋಲ್ಟ್ ತೋರಬೇಕು. 12ರ ಆಸುಪಾಸಿನಲ್ಲಿ ನಿಂತರೆ ದೋಷ ಕಾಯಿಲಿನದಲ್ಲ.

ಪ್ರಶ್ನೆಗಳು ಮುಗಿದ ಮೇಲೆ ಪರೀಕ್ಷೆ. ತಂತಿಗಳ ಮೂಲಕ ಪ್ಲಗ್ಗಿಗೆ ವಿದ್ಯುತ್ತು ಹೋಗುವ ಹಳೆಯ ವಾಹನಗಳಿಗೆ, ಅಂದರೆ ಇಂದಿಗೂ ಅಲ್ಲಲ್ಲಿ ಓಡುತ್ತಿರುವ ಮಾರುತಿ 800, ಓಮ್ನಿ, ಅಂಬಾಸಿಡರ್ ಮೊದಲಾದವಕ್ಕೆ, ಗಿಡಗಳಿಗೆ ನೀರು ಸಿಂಪಡಿಸುವ ಕೈ ಸ್ಪ್ರೇ ಬಾಟಲಿಯೊಂದು ಸಾಕು. ಕತ್ತಲಾದ ಮೇಲೆ ವಾಹನವನ್ನು ಗಾಳಿಯಾಡುವ ಬಯಲಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇರಿಸಿ, ಒಂದೊಂದೇ ತಂತಿಯ ಮೇಲೆ ಸಣ್ಣಗೆ ನೀರಿನ ತುಂತುರು ಬಿಟ್ಟು ಅರ್ಧ ನಿಮಿಷ ಕಾಯಬೇಕು. ಸೋರುವ ಜಾಗದಲ್ಲಿ ಚಟಚಟ ಸದ್ದಿನೊಡನೆ ನೀಲಿ ಕಿಡಿ ಕಾಣುತ್ತದೆ, ಅದೇ ಕ್ಷಣ ಎಂಜಿನ್ ತಡವರಿಸುತ್ತದೆ. ಕೈ, ಉಡುಪು ಎಂಜಿನ್ನಿನಿಂದ ದೂರವಿರಲಿ. ಈ ವಿದ್ಯುತ್ತು ಅಪಾಯಕಾರಿ. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಕೂಡದು. ಡಿಸ್ಟ್ರಿಬ್ಯೂಟರ್ ಇರುವ ವಾಹನಗಳಲ್ಲಿ ಅದರ ಮುಚ್ಚಳವನ್ನು ತೆಗೆದು ಒಳಮೈಯಲ್ಲಿ ಬೆವರು, ಬಿರುಕು, ಇಂಗಾಲದ ಗೆರೆ ಇದೆಯೇ ಎಂದೂ ನೋಡಬೇಕು.

ಡಬ್ಲ್ಯೂಡಿ-40 ಸಿಂಪಡಿಸಿದೊಡನೆ ವಾಹನ ಸರಿಯಾಗುವುದನ್ನು ಹಲವರು ಕಂಡಿರಬಹುದು. 1953ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಆ ದ್ರವದ ಹೆಸರಿನ ಅರ್ಥವೇ ನೀರನ್ನು ಸರಿಸುವ 40ನೆಯ ಪ್ರಯತ್ನ ಎಂದು. ಅದು ನೀರನ್ನು ಸರಿಸುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಆದರೂ ಅದನ್ನು ಸಾಕ್ಷಿಯಾಗಿ ಬಳಸಬಹುದು: ಸಿಂಪಡಿಸಿದಾಗ ದೋಷ ಹೋಯಿತಾದರೆ ಸೋರಿಕೆ ಹೊರಮೈಯಲ್ಲೇ ಇದೆ, ಪಂಪಿಗೆ ಹಣ ಸುರಿಯಬೇಕಾಗಿಲ್ಲ.

ಹೊಸ ವಾಹನಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆಯೇ ಒಂದೊಂದು ಕಾಯಿಲು ಕುಳಿತಿರುವುದು ಸಾಮಾನ್ಯ. ಉದ್ದದ ತಂತಿಗಳಿಲ್ಲವಾದ್ದರಿಂದ ದೋಷ ಕಡಿಮೆ, ಆದರೆ ಕಣ್ಣಿಗೆ ಕಾಣುವುದೂ ಕಡಿಮೆ. ಗಾಜಿನ ಕೆಳಗಿನ ನೀರಿನ ಕಿಂಡಿಯಲ್ಲಿ ಎಲೆ ತುಂಬಿದರೆ, ಅಥವಾ ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ರಭಸದ ನೀರು ಹೊಡೆದರೆ, ಪ್ಲಗ್ಗಿನ ಕುಳಿಯೊಳಗೆ ನೀರು ನಿಲ್ಲುತ್ತದೆ. ಮಳೆ ಬಿಟ್ಟು ಎರಡು ದಿನ ಕಳೆದರೂ ದೋಷ ಹೋಗದಿದ್ದರೆ ಆ ಕುಳಿಯನ್ನು ನೋಡಬೇಕು. ಮಳೆಗೆ ಬೆಚ್ಚನೆಯ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ಕಡಿದ ವಯರುಗಳನ್ನೂ ಮರೆಯುವಂತಿಲ್ಲ.

ಇಂಥ ವಾಹನಗಳಲ್ಲಿ ಸ್ಕ್ಯಾನರ್ ಯಂತ್ರ ಉಪಯುಕ್ತ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಕಡ್ಡಾಯವಾದ ಸ್ವಯಂ ತಪಾಸಣಾ ವ್ಯವಸ್ಥೆಯು ಮಿಸ್‌ಫೈರನ್ನೂ ದಾಖಲಿಸುತ್ತದೆ. ಪಿ 0301 ಎಂದರೆ ಒಂದನೆಯ ಸಿಲಿಂಡರ್, ಪಿ 0302 ಎಂದರೆ ಎರಡನೆಯದು; ಪಿ 0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲ. ಆದರೆ ಸಂಖ್ಯೆ ಹೇಳುವುದು ಎಲ್ಲಿ ಎಂಬುದನ್ನು, ಏಕೆ ಎಂಬುದನ್ನಲ್ಲ. ಪಿ 0302 ಬಂದೊಡನೆ ಹೊಸ ಕಾಯಿಲು ತರಿಸುವುದು, ತಾಳೆಪಟ್ಟಿಯ ವ್ಯತ್ಯಾಸವನ್ನು ಹುಡುಕದೆ ಅಮಾನತು ಖಾತೆಗೆ ಹಾಕಿ ಕೈತೊಳೆದುಕೊಂಡಂತೆ. ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರದ್ದನ್ನು ಎರಡನೆಯದಕ್ಕೆ ಅದಲುಬದಲು ಮಾಡಿ ಮಳೆಯಲ್ಲಿ ಓಡಿಸಿ ನೋಡಬೇಕು. ಸಂಖ್ಯೆಯು ಪಿ 0303 ಆಗಿ ಬದಲಾದರೆ ತಪ್ಪು ಕಾಯಿಲಿನದು ಅಥವಾ ಅದರ ರಬ್ಬರ್ ಕೊಳವೆಯದು. ಬದಲಾಗದಿದ್ದರೆ ಪ್ಲಗ್, ವಯರು, ಇಂಜೆಕ್ಟರುಗಳತ್ತ ಹೋಗಬೇಕು. ಈ ಪರೀಕ್ಷೆಗೆ ತಗಲುವುದು ಅರ್ಧ ಗಂಟೆಯ ಮಜೂರಿ ಮಾತ್ರ.

ಪೆಟ್ರೋಲ್ ತುಂಬಿಸಿದ ಕೆಲವೇ ಕಿಲೋಮೀಟರಿನೊಳಗೆ ದೋಷ ಆರಂಭವಾದರೆ ಕಿಡಿಯ ಮಾತನ್ನು ಬಿಟ್ಟು ಇಂಧನವನ್ನು ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲ್ ಅಲ್ಪಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪು ಮೊದಲು ಹೀರುವುದು ತಳದ್ದನ್ನೇ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಶೀಶೆಗೆ ಇಳಿಸಿ ಹತ್ತು ನಿಮಿಷ ಬಿಟ್ಟರೆ ಎರಡು ಪದರಗಳು ಕಣ್ಣಿಗೆ ಕಾಣುತ್ತವೆ. ಬಂಕಿನ ರಸೀದಿ ಇದ್ದರೆ ದೂರು ನೀಡಲು ಆಧಾರವಾಗುತ್ತದೆ. ಮೀನು, ಮಂಜುಗಡ್ಡೆ ಸಾಗಿಸುವ ಡೀಸೆಲ್ ವಾಹನಗಳಲ್ಲಿ ಕಿಡಿಯೇ ಇಲ್ಲ. ಅಲ್ಲಿ ನೀರು ಬೇರ್ಪಡಿಸುವ ಫಿಲ್ಟರನ್ನು ಬಸಿಯುವುದೂ ಏರ್ ಫಿಲ್ಟರ್ ನೆನೆದಿದೆಯೇ ಎಂದು ನೋಡುವುದೂ ಮೊದಲ ಕೆಲಸ.

ಇದೆಲ್ಲ ಸಣ್ಣ ಖರ್ಚಿನ ಮಾತಾಯಿತು. ‘ಹೇಗೂ ಓಡುತ್ತದಲ್ಲ’ ಎಂದು ತಡವರಿಸುವ ವಾಹನವನ್ನು ಸೆಪ್ಟೆಂಬರ್‌ವರೆಗೆ ಎಳೆಯುವವರಿಗೆ ದೊಡ್ಡ ಖರ್ಚು ಕಾದಿರುತ್ತದೆ. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು, ಅದರ ಜೇನುಗೂಡಿನಂಥ ಪಿಂಗಾಣಿಯನ್ನೇ ಕರಗಿಸಬಲ್ಲದು. ಅದರಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ನಂಥ ಅಮೂಲ್ಯ ಲೋಹಗಳಿವೆ. ಬೆಲೆಯನ್ನು ಅದರಿಂದಲೇ ಊಹಿಸಬಹುದು. ಎಂಜಿನ್ ದೀಪವು ಮಿಣುಕತೊಡಗಿದರೆ ವೇಗ ತಗ್ಗಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ನೆರೆನೀರಿನ ನಡುವೆ ಎಂಜಿನ್ ನಿಂತುಹೋದರಂತೂ ಮತ್ತೆ ಚಾಲೂ ಮಾಡಲೇಬಾರದು. ಒಳಸೇರಿದ ನೀರು ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಂಥ ಹಾನಿಯನ್ನು ಸಾಮಾನ್ಯ ಸಮಗ್ರ ವಿಮೆಯು ಬಹುತೇಕ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇದೆಯೇ ಎಂಬುದನ್ನು ಮೇ ತಿಂಗಳಲ್ಲೇ ಪಾಲಿಸಿ ತೆಗೆದು ನೋಡಿಕೊಳ್ಳುವುದು ಒಳಿತು.

ದುರಸ್ತಿ ಬಿಲ್ಲಿನ ಜಿಎಸ್‌ಟಿಯ ಬಗ್ಗೆಯೂ ಒಂದು ಮಾತು. ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲೆ ತೆತ್ತ ತೆರಿಗೆಗೆ, ವಾಹನ ಮಾರಾಟ, ಪ್ರಯಾಣಿಕ ಸಾಗಣೆಯಂಥ ಕೆಲವು ವ್ಯವಹಾರಗಳನ್ನು ಬಿಟ್ಟರೆ, ಹೂಡುವಳಿ ತೆರಿಗೆ ಜಮೆ ದೊರೆಯದು. ತೆತ್ತ ತೆರಿಗೆಯನ್ನು ದುರಸ್ತಿಯ ಖರ್ಚಿಗೇ ಸೇರಿಸಬೇಕು. ಸರಕು ಸಾಗಣೆಯ ವಾಹನವಾದರೆ ನಿಯಮಿತ ನೋಂದಣಿಯ ವರ್ತಕರಿಗೆ ಜಮೆ ಲಭ್ಯ. ಹೀಗಾಗಿ ಒಂದೇ ಅಂಗಡಿಯ ಎರಡು ಈಕೋಗಳಲ್ಲಿ ಸರಕು ವಾಹನವೆಂದು ನೋಂದಣಿಯಾದುದಕ್ಕೆ ಜಮೆ ಉಂಟು, ಐದು ಸೀಟಿನದಕ್ಕೆ ಇಲ್ಲ. ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆ, ಅಂಗಡಿಯ ಜಿಎಸ್‌ಟಿ ಸಂಖ್ಯೆ, ಬಿಡಿಭಾಗದ ಬೆಲೆ, ಮಜೂರಿ ಇವು ಪ್ರತ್ಯೇಕವಾಗಿ ನಮೂದಾಗಿರಬೇಕು. ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆದು, ಬೆಳಕಿಗೆ ಹಿಡಿದು ಆ ಇಂಗಾಲದ ಗೆರೆ ನಿಜವಾಗಿಯೂ ಇದೆಯೇ ಎಂದು ನೋಡಿಯೇ ಹಣ ಪಾವತಿಸಬಹುದು.