ಡಾಕ್ಟರ್ ಪರೀಕ್ಷೆ ವೇಳೆ ಮಂಗಳಮುಖಿಯರ ಹಕ್ಕುಗಳೇನು?

ಕೊಳ್ಳೇಗಾಲ: ಹೊಟ್ಟೆನೋವು ಅಂತ ಹನೂರು, ಯಳಂದೂರು ಕಡೆಯಿಂದ ಬಸ್ ಹತ್ತಿ ಆಸ್ಪತ್ರೆಗೆ ಬಂದರೆ ಮೊದಲು ಎದುರಾಗೋದು ಚೀಟಿ ಕೌಂಟರ್. ಅಲ್ಲಿ ಗಂಡು ಹೆಸರು ಕೂಗಿದರೆ ಸಾಲಲ್ಲಿ ನಿಂತವರೆಲ್ಲ ತಿರುಗಿ ನೋಡ್ತಾರೆ. ಒಳಗೆ ಪರದೆಯೂ ಇಲ್ಲದಿದ್ದರೆ ಸೀರೆ ಸರಿಸೋದು ಹೇಗೆ? ಈ ಮುಜುಗರಕ್ಕೆ ಹೆದರಿ ಕಾಯಿಲೆ ಮುಚ್ಚಿಟ್ಟುಕೊಳ್ಳುವ ಲಿಂಗತ್ವ ಅಲ್ಪಸಂಖ್ಯಾತರಿದ್ದಾರೆ.

ಕಾನೂನು ಏನು ಹೇಳುತ್ತೆ?
2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇವರಿಗೆ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸೌಲಭ್ಯ ಒದಗಿಸುವಂತೆ ಸರ್ಕಾರಗಳಿಗೆ ಸೂಚಿಸಿತ್ತು. 2020ರ ಜನವರಿ 10ರಿಂದ ಜಾರಿಯಲ್ಲಿರುವ 2019ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ನಿರಾಕರಿಸುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ.

ಏನು ಕೇಳಬಹುದು?
* ಚೀಟಿಯಲ್ಲಿರುವ ಹೆಸರು ಬೇರೆ ಇದ್ದರೆ, ಏನಂತ ಕರೀಬೇಕು ಅಂತ ಮೊದಲೇ ಹೇಳಿ.
* ಬಾಗಿಲು ಹಾಕಿ, ಪರದೆ ಎಳೀರಿ ಅನ್ನಿ. ಪರೀಕ್ಷೆ ಮಾಡುವ ಭಾಗದ ಬಟ್ಟೆ ಮಾತ್ರ ಸರಿಸಿದರೆ ಸಾಕು.
* ನರ್ಸ್ ಅಥವಾ ಜೊತೆಗೆ ಬಂದವರು ಪಕ್ಕದಲ್ಲಿರಲಿ ಅಂತ ಕೇಳಿ.
* ಜ್ವರ, ನೆಗಡಿಗೆ ಗುಪ್ತಾಂಗ ನೋಡಬೇಕಾಗಿಲ್ಲ. ಯಾಕೆ ಅಂತ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನಿ.

ಇದನ್ನು ಮುಚ್ಚಿಡಬೇಡಿ
ಹಾರ್ಮೋನ್ ಮಾತ್ರೆ ತಗೊಳ್ತಿದ್ದರೆ, ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಮಾತ್ರ ಹೇಳಲೇಬೇಕು. ಲಿಂಗ ಬದಲಾವಣೆ ಆಪರೇಷನ್ ಆದ ಮೇಲೂ ಪ್ರಾಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಒಳಗೇ ಉಳಿದಿರುತ್ತೆ. ಮೂತ್ರದ ತೊಂದರೆ ಬಂದಾಗ ಈ ವಿಷಯ ಗೊತ್ತಿಲ್ಲದೆ ಹೋದರೆ ಸರಿಯಾದ ಪರೀಕ್ಷೆಯೇ ತಪ್ಪಿ ಹೋಗಬಹುದು.

ಅವಮಾನ ಆದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ, ಇಲ್ಲವೇ ಚಾಮರಾಜನಗರದ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಆಸ್ಪತ್ರೆ ಚೀಟಿ ಜೋಪಾನವಾಗಿರಲಿ, ದಿನಾಂಕಕ್ಕೆ ಅದೇ ಸಾಕ್ಷಿ.